ಹೈಲಕ್ಸೋ ರೇಂಜರೋ ಅನ್ನುವ ಮುಂಚೆ ತೂಕದ ಲೆಕ್ಕ

ಮೆಲ್ಬರ್ನಿಗೆ ಬಂದು ಟೈಲ್ಸ್ ಕೆಲಸ ಹಿಡಿದಿದ್ದೀರಿ, ಮನೆಯಲ್ಲಿ ಎರಡು ಸಣ್ಣ ಮಕ್ಕಳು. ದುಡಿಮೆಗೂ ಸಂಸಾರಕ್ಕೂ ಒಂದೇ ಹೊಸ ಡ್ಯುಯಲ್ ಕ್ಯಾಬ್ ಯೂಟ್ (ಎರಡು ಸಾಲು ಸೀಟಿನ ಪಿಕಪ್) ಸಾಕೇ, ಟೊಯೋಟಾ ಹೈಲಕ್ಸೋ ಫೋರ್ಡ್ ರೇಂಜರೋ ಎಂದು ಕೇಳಿದ್ದೀರಿ. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ ಊರಲ್ಲಿ ಶೋಕಿ ಗಾಡಿ. ಇಲ್ಲಿ ಅದು ನಿಮ್ಮ ಕರಣೆಯಷ್ಟೇ ಮಾಮೂಲಿ ಉಪಕರಣ. ಕಂಪನಿ ಯಾವುದೆಂದು ಆಮೇಲೆ ನೋಡೋಣ, ಮೊದಲು ತೂಕ.

ಷೋರೂಮಿನಲ್ಲಿ "ಒಂದು ಟನ್ ಹೊರುತ್ತೆ, ಮೂರೂವರೆ ಟನ್ ಎಳೆಯುತ್ತೆ" ಅನ್ನುತ್ತಾರೆ. ಎರಡೂ ನಿಜವೇ, ಒಟ್ಟಿಗೆ ಮಾತ್ರ ಆಗದು. ಉದಾಹರಣೆಗೆ ಖಾಲಿ ಗಾಡಿ 2,100 ಕೆಜಿ, ಜಿವಿಎಂ ಅಂದರೆ ಹೊರೆಸಮೇತ ಗರಿಷ್ಠ ತೂಕ 3,100 ಅಂದುಕೊಳ್ಳಿ. ಉಳಿದ ಸಾವಿರದಲ್ಲಿ ಬುಲ್‌ಬಾರ್ (ಮುಂಬದಿಯ ರಕ್ಷಣಾ ಕಂಬಿ) 60, ಕ್ಯಾನೊಪಿ (ಹಿಂಬದಿಯ ಮುಚ್ಚಿಗೆ) 100, ಟೋಬಾರ್ (ಟ್ರೇಲರ್ ಕಟ್ಟುವ ಕಂಬಿ) 30, ನೀವೂ ಸಹಾಯಕನೂ ಸೇರಿ 160. ಕೈಗೆ ಸಿಗುವುದು 650. ಪೋರ್ಸಲಿನ್ ಟೈಲ್ಸ್ ಚದರ ಮೀಟರಿಗೆ ಸುಮಾರು 20 ಕೆಜಿ. 25 ಚದರ ಮೀಟರಿನ ನೆಲಕ್ಕೇ 500 ಆಯಿತು, 20 ಕೆಜಿಯ ಅಂಟಿನ ಚೀಲ ಆರು ಅಂದರೆ 620. ಮಿಕ್ಕ 30 ಕೆಜಿಯಲ್ಲಿ ಕಟರ್, ಮಿಕ್ಸರ್, ನೀರಿನ ಡ್ರಮ್ ಎಲ್ಲಿಡುತ್ತೀರಿ?

ಟ್ರೇಲರ್ ಕಟ್ಟಿದರೆ ಇನ್ನೂ ಬಿಗಿ. ಅದರ ತೂಕದ ಸುಮಾರು ಹತ್ತನೇ ಒಂದು ಪಾಲು ಟೋಬಾರಿನ ಗುಂಡು, ಅಂದರೆ ಟೋಬಾಲ್ ಮೇಲೆ ಕೂರುತ್ತದೆ, ಅದೂ ಜಿವಿಎಂ ಲೆಕ್ಕಕ್ಕೇ. ಗಾಡಿ, ಟ್ರೇಲರ್ ಎರಡರ ಒಟ್ಟು ಮಿತಿಯಾದ ಜಿಸಿಎಂ 6,000 ಇದ್ದು ನೀವು 3,500 ಎಳೆದರೆ, ಗಾಡಿಯ ಪಾಲು 2,500. ಮೇಲಿನ ಉದಾಹರಣೆಯ ಗಾಡಿ ಜನ, ಕ್ಯಾನೊಪಿ ಎಲ್ಲ ಸೇರಿ ಆಗಲೇ 2,450, ಉಳಿಯುವುದು ಬರೀ 50 ಕೆಜಿ. ಟ್ರೇಲರ್ 750 ಕೆಜಿ ದಾಟಿದರೆ ಅದಕ್ಕೆ ಬ್ರೇಕ್ ಬೇಕು. ಎರಡು ಟನ್ ದಾಟಿದರೆ ಎಲ್ಲ ಚಕ್ರಕ್ಕೂ. ಮಿತಿಮೀರಿದ ಭಾರವನ್ನು ಹಿಂದಿನ ಆಕ್ಸಲ್‌ನ ಆಚೆಗೆ ಹೇರಿ, ಸಸ್ಪೆನ್ಷನ್‌ಗೆ ಆಸರೆಯಾಗಿ ಗಾಳಿ ತುಂಬಿದ ಚೀಲ (ಏರ್‌ಬ್ಯಾಗ್) ತುರುಕಿ ಹಳ್ಳದಿಣ್ಣೆಯಲ್ಲಿ ಓಡಿಸಿದವರ ಷಾಸಿ ಕ್ಯಾಬಿನ ಹಿಂದೆಯೇ ಬಾಗುತ್ತದೆ. ವಿಮೆಯವರೂ ಕೈ ಎತ್ತಬಹುದು. ಜಿವಿಎಂ ಹೆಚ್ಚಿಸಿಕೊಳ್ಳುವುದಿದ್ದರೆ ಮೊದಲ ರೆಜಿಸ್ಟ್ರೇಷನ್‌ಗೆ ಮುಂಚೆಯೇ ಮಾಡಿಸಿ. ಆಮೇಲೆ ಮಾಡಿಸಿದರೆ ರಾಜ್ಯದ ಎಂಜಿನಿಯರ್ ಸರ್ಟಿಫಿಕೇಟಿನ ತಲೆನೋವು.

ಟೈಲ್ಸ್‌ನವರಿಗೆ ಹಿಂಬದಿಯ ತೊಟ್ಟಿಯಂಥ ಟಬ್‌ಗಿಂತ ಚಪ್ಪಟೆ ಅಲ್ಯುಮಿನಿಯಂ ಟ್ರೇ ಮೇಲು. ಸಾಮಾನು ಪೇರಿಸುವ ಇಲ್ಲಿನ ಹಲಗೆ, ಅಂದರೆ ಪ್ಯಾಲೆಟ್, 1,165 ಮಿಮೀ ಚೌಕ. ಹೆಚ್ಚಿನ ಟಬ್‌ಗಳಲ್ಲಿ ಚಕ್ರದ ಉಬ್ಬುಗಳ ನಡುವೆ ಕೂರದು (2022ರ ನಂತರದ ರೇಂಜರ್‌ನಲ್ಲಿ ಕೂರುತ್ತದೆ). ಟ್ರೇಯ ಮೂರೂ ಬದಿ ಇಳಿಸಬಹುದು, ಸೊಂಟ ಉಳಿಯುತ್ತದೆ.

ಮಕ್ಕಳ ಸೀಟು ಊರಿಂದ ತಂದದ್ದು ನಡೆಯದು, ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಮಾನದಂಡದ ಎಎಸ್/ಎನ್‌ಜೆಡ್‌ಎಸ್ 1754 ಗುರುತು ಕಡ್ಡಾಯ. ಟೆಸ್ಟ್ ಡ್ರೈವ್‌ಗೆ ಎರಡೂ ಸೀಟು ಒಯ್ದು ಕಟ್ಟಿ ನೋಡಿ. ಹಲವು ಯೂಟ್‌ಗಳಲ್ಲಿ ಮೇಲಿನ ಪಟ್ಟಿಯನ್ನು ಹಿಂಬದಿಯ ಬಟ್ಟೆ ಕುಣಿಕೆಯಲ್ಲಿ ತೂರಿಸಿ ಪಕ್ಕದ ಕೊಂಡಿಗೆ ಸಿಕ್ಕಿಸಬೇಕು. ತಪ್ಪು ಮಾಡುವವರೇ ಹೆಚ್ಚು.

ಡೀಸೆಲ್ ಗಾಡಿಯಲ್ಲಿ ದಿನವೂ ಐದಾರು ಕಿಮೀ ಮಾತ್ರ ಓಡಿಸಿದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಫ್ರೀವೇಯಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಫಿಲ್ಟರ್ ಆ ಮಸಿಯನ್ನು ಸುಡುವಾಗ ಎಂಜಿನ್ ಆರಿಸಬೇಡಿ. ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಪಾರ್ಟ್‌ಟೈಮ್ ಫೋರ್‌ವೀಲ್ ಡ್ರೈವನ್ನು ಒಣ ಟಾರು ರಸ್ತೆಯಲ್ಲಿ ಹಾಕಲೇಬಾರದು.

ನನ್ನ ಕೇಳಿದರೆ, ಊರೊಳಗಿನ ಕೆಲಸಕ್ಕೆ ಹೈಲಕ್ಸ್ ಅಥವಾ ಇಸುಜು ಡಿ-ಮ್ಯಾಕ್ಸ್‌ನ ಕಡಿಮೆ ದರ್ಜೆಯ 4x2 (ಎರಡೇ ಚಕ್ರಕ್ಕೆ ಶಕ್ತಿ), ಟ್ರೇ ಸಮೇತ. ದರ್ಜೆ ಏರಿದಂತೆ ಚರ್ಮದ ಸೀಟು, ಕ್ರೋಮ್ ಬಾರ್ ಬರುತ್ತವೆ. ಅವುಗಳ ತೂಕ ನಿಮ್ಮ ಹೊರೆಯಿಂದಲೇ ಕಳೆಯುತ್ತದೆ. ಬಿವೈಡಿ ಷಾರ್ಕ್ 6 ಎಂಬ ಯೂಟ್ ಮನೆಮಂದಿಗೆ ಹಿತ, ಆದರೆ ಹೊರುವುದು 790 ಕೆಜಿ.

ಬೆಲೆ ಕೇಳುವಾಗ ರೆಜಿಸ್ಟ್ರೇಷನ್, ತೆರಿಗೆ ಎಲ್ಲ ಸೇರಿದ "ಡ್ರೈವ್ ಅವೇ" ಎಷ್ಟೆಂದೇ ಕೇಳಿ. ವಿಮೆಯಲ್ಲಿ ವ್ಯಾಪಾರದ ಬಳಕೆ ಎಂದು ಬರೆಸಿ. ಸಾಮಾನು ಸರಂಜಾಮಿಗೆ ಸಾಮಾನ್ಯವಾಗಿ ಬೇರೆ ಪಾಲಿಸಿ ಬೇಕು. ಗಾಡಿ ಕೈಗೆ ಬಂದ ಮೇಲೆ ಕ್ಯಾನೊಪಿ, ಸಲಕರಣೆ ಎಲ್ಲ ಏರಿಸಿ ಗಾಡಿ ತೂಗುವ ವೇಬ್ರಿಜ್ಜಿಗೆ ಒಯ್ಯಿರಿ, ಒಟ್ಟು ತೂಕದ ಜೊತೆ ಹಿಂದಿನ ಆಕ್ಸಲ್ ತೂಕವನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ.