ಕನ್ನಡಕ ಮರೆತವರಿಗೆ ಸುಡೊಕು ಮದ್ದಾ?

ಕಳೆದ ಸಂಚಿಕೆಯಲ್ಲಿ ಸುಡೊಕು ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಮೇಜಿನ ಮೇಲೆ ಪತ್ರಗಳ ರಾಶಿ ಬಿದ್ದಿದೆ. ಅದೇ, 81 ಮನೆಗಳ ಚೌಕದಲ್ಲಿ 1ರಿಂದ 9ರವರೆಗಿನ ಅಂಕಿ ತುಂಬಿಸುವ ಆಟ; ಅಡ್ಡಸಾಲು, ಉದ್ದಸಾಲು, ಒಂಬತ್ತು ಮನೆಯ ಸಣ್ಣ ಚೌಕ, ಯಾವುದರಲ್ಲೂ ಒಂದೇ ಅಂಕಿ ಎರಡು ಸಲ ಬರಬಾರದು. ಮುಕ್ಕಾಲು ಪಾಲು ಪತ್ರಗಳಲ್ಲಿ ಒಂದೇ ಪ್ರಶ್ನೆ: ಇದನ್ನು ಆಡಿದರೆ ಮರೆವು ಬರಲ್ವಾ? ನಾನು ಡಾಕ್ಟರಲ್ಲ. ಅರಸೀಕೆರೆ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ 31 ವರ್ಷ ಲೆಕ್ಕ ಹೇಳಿಕೊಟ್ಟವಳು. ಓದಿ ತಿಳಿದದ್ದನ್ನೂ ಮನೆಯಲ್ಲಿ ಕಂಡದ್ದನ್ನೂ ಸೇರಿಸಿ ಉತ್ತರ ಬರೆದಿದ್ದೇನೆ.

ಮೇಡಂ, ನನಗೆ 67 ವರ್ಷ. ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ದಿನಕ್ಕೆ ಮೂರು ಗಂಟೆ ಸುಡೊಕು ಬಿಡಿಸುತ್ತೇನೆ. ಪೇಪರಿನಲ್ಲಿ ಬರುವುದನ್ನು ಹತ್ತೇ ನಿಮಿಷಕ್ಕೆ ಮುಗಿಸುತ್ತೇನೆ. ಆದರೂ ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕಾಟ. ‘ನಿಮ್ಮ ಸುಡೊಕು ಒಲೆಗೆ ಹಾಕಿ’ ಅಂತಾಳೆ ನನ್ನ ಹೆಂಡತಿ. ಇದರಿಂದ ಏನಾದರೂ ಉಪಯೋಗ ಇದೆಯಾ? (ಓದುಗರು, ತುಮಕೂರು)

ಒಲೆಗೆ ಹಾಕಬೇಡಿ. ಆದರೆ ನಿಮ್ಮ ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ.

ಮೊದಲು ಕನ್ನಡಕದ ವಿಚಾರ. ಅದನ್ನು ತೆಗೆದಿಡುವಾಗ ನಿಮ್ಮ ತಲೆ ಐದನೇ ಸಾಲಿನ 8ರ ಹಿಂದೆ ಓಡುತ್ತಿತ್ತು. ಎಲ್ಲಿಟ್ಟಿರಿ ಅನ್ನುವುದು ಮನಸ್ಸಿಗೆ ಇಳಿಯಲೇ ಇಲ್ಲ. ಇಳಿಯದೇ ಇದ್ದದ್ದು ನೆನಪಿಗೆ ಬರುವುದು ಹೇಗೆ? ಇದು ಮರೆವಿಗಿಂತ ಜಾಸ್ತಿ ಗಮನದ ವಿಚಾರ. ನನ್ನದೇ ಕಥೆ ಕೇಳಿ. ಹೋದ ವಾರ ಹಾಲು ಒಲೆಯ ಮೇಲಿಟ್ಟು ಪೆನ್ಸಿಲ್ ಹಿಡಿದು ಕೂತೆ. ಸೀದ ವಾಸನೆ ಬಂತು. ‘ಪಾಪ, ಪಕ್ಕದ ಮನೆಯವರ ಹಾಲು ಸೀದುಹೋಯ್ತು’ ಅಂದುಕೊಂಡು ಸುಡೊಕುವಿನ ಇನ್ನೆರಡು ಮನೆ ತುಂಬಿಸಿದೆ. ಪಾತ್ರೆಯ ತಳ ಇನ್ನೂ ಕಪ್ಪಗಿದೆ.

ಈಗ ಉಪಯೋಗದ ಮಾತು. ಅಮೆರಿಕದಲ್ಲಿ 1998ರಲ್ಲಿ ಆಕ್ಟಿವ್ ಅನ್ನುವ ದೊಡ್ಡ ಅಧ್ಯಯನ ಶುರುವಾಯಿತು. 65 ದಾಟಿದ 2,800ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಕೆಲವರಿಗೆ ನೆನಪಿನ ತರಬೇತಿ, ಕೆಲವರಿಗೆ ತರ್ಕದ್ದು, ಕೆಲವರಿಗೆ ಬೇಗ ಗುರುತಿಸುವ ಅಭ್ಯಾಸ. ತರ್ಕ ಕಲಿತವರು ತರ್ಕದ ಪರೀಕ್ಷೆಯಲ್ಲಿ ಮುಂದೆ ಬಂದರು. ಅದರಿಂದ ಅವರ ನೆನಪಿನ ಅಂಕ ಏರಲಿಲ್ಲ. ನಮ್ಮ ಶಾಲೆಯಲ್ಲೂ ಹೀಗೇ ಇತ್ತು. ಮುಕ್ಕಾಲು ಮಗ್ಗಿಯನ್ನು ಗಿಣಿಯ ಹಾಗೆ ಒಪ್ಪಿಸುವ ಹುಡುಗ ಟಿಫನ್ ಡಬ್ಬಿಯನ್ನು ದಿನಾ ಬಸ್ಸಿನಲ್ಲೇ ಬಿಟ್ಟು ಬರುತ್ತಿದ್ದ.

ಹಾಗಾದರೆ ಎಲ್ಲಾ ದಂಡವಾ? ಇಲ್ಲ. ಸ್ಕಾಟ್ಲೆಂಡಿನ ಆ್ಯಬರ್ಡೀನ್ ಕಡೆ 1936ರಲ್ಲಿ ಹುಟ್ಟಿದ ಸುಮಾರು 500 ಜನರನ್ನು ಗಮನಿಸಿದ ಇನ್ನೊಂದು ಅಧ್ಯಯನ 2018ರಲ್ಲಿ ಹೊರಬಂತು. ಅವರೆಲ್ಲ 11ನೇ ವಯಸ್ಸಿನಲ್ಲೇ ಬುದ್ಧಿ ಪರೀಕ್ಷೆ ಬರೆದಿದ್ದವರು, ಹಾಗಾಗಿ ಹೋಲಿಸಿ ನೋಡಲು ಹಳೆಯ ಅಂಕಪಟ್ಟಿಯೂ ಸಿಕ್ಕಿತ್ತು. ಜೀವನವಿಡೀ ತಲೆಗೆ ಕೆಲಸ ಕೊಟ್ಟವರು ವಯಸ್ಸಾದಾಗ ಮೇಲಿನ ಮೆಟ್ಟಿಲಿನಲ್ಲಿದ್ದರು. ಆದರೆ ಇಳಿಯುವ ವೇಗ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ನಮ್ಮ ಕಡೆಯ ಕೆರೆಯ ಹಾಗೆ ಅನ್ನಿ. ಬೇಸಿಗೆಯ ಬಿಸಿಲು ಎಲ್ಲಾ ಕೆರೆಗೂ ಒಂದೇ. ಶಿವರಾತ್ರಿಗೆ ಕೋಡಿಯ ಮಟ್ಟದಲ್ಲಿ ನೀರಿದ್ದ ಕೆರೆಯ ತಳ ಕಾಣುವುದು ತಡ, ಅಷ್ಟೆ.

ನಿಮ್ಮ ಪತ್ರದಲ್ಲಿ ನನಗೆ ಸರಿಕಾಣದ್ದು ಎರಡು. ಒಂದು, ಆ ಹತ್ತು ನಿಮಿಷ. ಅಷ್ಟು ಸಲೀಸಾಗಿದೆ ಅಂದರೆ ಅದೀಗ ನಿಮಗೆ ಎರಡರ ಮಗ್ಗಿ. ಬೇರೆ ಹಿಡಿಯಿರಿ. ಕಕುರೊ ಇದೆ, ಕೂಡಿಸುವ ಲೆಕ್ಕವಿರುವ ಪದಬಂಧದಂಥದ್ದು. ಕೆನ್‌ಕೆನ್ ಇದೆ, ಜಪಾನಿನ ಲೆಕ್ಕದ ಮೇಷ್ಟ್ರು ತೆತ್ಸುಯಾ ಮಿಯಾಮೊಟೊ 2004ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಮಾಡಿದ್ದು. ಅಟ್ಟದ ಮೇಲೆ ಅಳಗುಳಿಮಣೆ ಇದ್ದರೆ ಇಳಿಸಿ, ಮನೆಯವರನ್ನೇ ಎದುರಿಗೆ ಕೂರಿಸಿಕೊಳ್ಳಿ. 14 ಗುಳಿ, ಗುಳಿಗೆ ನಾಲ್ಕು ಹುಣಸೆಬೀಜ. ಎರಡೇ ಆಟದಲ್ಲಿ ಯಾರ ತಲೆ ಚುರುಕು ಅಂತ ಗೊತ್ತಾಗುತ್ತದೆ. ಸುಡೊಕುವನ್ನು ಒಲೆಗೆ ಹಾಕುವ ಮಾತು ಆಮೇಲೆ ಬರಲಿಕ್ಕಿಲ್ಲ.

ಇನ್ನೊಂದು, ಆ ಮೂರು ಗಂಟೆ. ಕೂತೇ ಇರುತ್ತೀರಿ, ಅಲ್ವಾ? ಅದರಲ್ಲಿ ಒಂದು ಗಂಟೆ ಎದ್ದು ನಡೆಯಿರಿ.

ಟೀಚರ್, ನಮ್ಮ ಅತ್ತೆಗೆ 74. ಕೇಳಿದ್ದನ್ನೇ ಮೂರು ಸಲ ಕೇಳುತ್ತಾರೆ. ಹೋದ ತಿಂಗಳು, ದಿನಾ ಹೋಗುವ ದೇವಸ್ಥಾನದಿಂದ ಬರುವಾಗ ದಾರಿ ತಪ್ಪಿದರು. ನಮ್ಮೆಜಮಾನರು ಮೊಬೈಲಿಗೆ ಮೆದುಳಿನ ವ್ಯಾಯಾಮದ ಆ್ಯಪ್ ಹಾಕಿಕೊಟ್ಟಿದ್ದಾರೆ. ಅತ್ತೆ ಮುಟ್ಟುವುದೇ ಇಲ್ಲ. ಬಲವಂತ ಮಾಡಬೇಕಾ? (ಸೊಸೆ, ಚಿತ್ರದುರ್ಗ)

ಬೇಡಮ್ಮ. ಆ್ಯಪ್ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇದೇ ವಾರ ಹೋಗಿ.

ಕನ್ನಡಕ ಮರೆಯುವುದು ಬೇರೆ, ದಿನಾ ನಡೆಯುವ ದಾರಿ ತಪ್ಪುವುದು ಬೇರೆ. ಹೆದರಿಸುತ್ತಿಲ್ಲ. ವಿಟಮಿನ್ ಬಿ12 ಕಡಿಮೆಯಾದರೂ ಹೀಗಾಗುತ್ತದೆ. ಸಸ್ಯಾಹಾರಿಗಳಲ್ಲಿ ಅದು ಜಾಸ್ತಿ. ಥೈರಾಯ್ಡ್ ಏರುಪೇರಾದರೂ, ಮನಸ್ಸಿಗೆ ಖಿನ್ನತೆ ಹಿಡಿದರೂ, ಕೆಲವು ಮಾತ್ರೆಗಳಿಂದಲೂ ಆಗಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡೇ ಹೋಗಿ, ಡಾಕ್ಟರಿಗೆ ತೋರಿಸಿ. ಅವರು ಇನ್ನೂ ನೋಡಿಸಬೇಕು ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ‘ಹುಚ್ಚಾಸ್ಪತ್ರೆ’ ಅಂತ ಯಾರಾದರೂ ಮೂಗೆಳೆದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕಿವಿ ಅಂದೆನಲ್ಲ, ಅತ್ತೆಯ ಕಿವಿಯನ್ನೂ ಪರೀಕ್ಷೆ ಮಾಡಿಸಿ. ನಮ್ಮ ಯಜಮಾನರಿಗೆ ಮರೆವು ಬಂದಿದೆ ಅಂತ ಎರಡು ವರ್ಷ ಒಳಗೊಳಗೇ ಕೊರಗಿದೆ. ತೊಗರಿಬೇಳೆ ತನ್ನಿ ಅಂದರೆ ಉದ್ದಿನಬೇಳೆ ತರುತ್ತಿದ್ದರು. ನೋಡಿದರೆ ಅವರಿಗೆ ಕೇಳಿಸುತ್ತಿದ್ದದ್ದೇ ‘ಬೇಳೆ’ ಅಂತ. ಮತ್ತೊಂದು ಸಲ ಕೇಳಲು ಸಂಕೋಚ. ಮೆಷಿನ್ ಹಾಕಿದ ಮೇಲೆ ಬೇಳೆ ಸರಿಯಾಯಿತು. ಈಗ ನನ್ನ ಗೊಣಗಾಟವೂ ಕೇಳಿಸುತ್ತದೆ, ಅದು ಬೇರೆ ಮಾತು.

ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಮರೆವಿನ ಕಾಯಿಲೆಗೆ ದಾರಿ ಮಾಡಿಕೊಡುವ 14 ಕಾರಣಗಳನ್ನು ಪಟ್ಟಿ ಮಾಡಿತು. ಕಿವುಡು, ಬಿಪಿ, ಸಕ್ಕರೆ ಕಾಯಿಲೆ, ಒಂಟಿತನ, ಮೈಗೆ ಚಲನೆಯೇ ಇಲ್ಲದಿರುವುದು, ಇವೆಲ್ಲ ಅದರಲ್ಲಿವೆ. ಅಷ್ಟನ್ನೂ ಸರಿಪಡಿಸಿದರೆ ನೂರರಲ್ಲಿ ಸುಮಾರು 45 ಪ್ರಕರಣ ತಪ್ಪಿಸಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ಚಿಕ್ಕಂದಿನಲ್ಲಿ ಓದು ಸಿಗದಿರುವುದೂ ಆ ಪಟ್ಟಿಯಲ್ಲಿದೆ. ಅದನ್ನು ಓದಿದಾಗ, ಏಳನೇ ಕ್ಲಾಸಿಗೇ ಬಿಡಿಸಿಕೊಂಡು ಹೋದ ನನ್ನ ಹುಡುಗಿಯರ ಮುಖಗಳು ಕಣ್ಣಮುಂದೆ ಬಂದವು.

ಇನ್ನು ಆ್ಯಪ್. ಲುಮಾಸಿಟಿ ಅನ್ನುವ ಆಟಗಳನ್ನು ಮಾರುತ್ತಿದ್ದ ಕಂಪನಿ, ವಯಸ್ಸಿನ ಮರೆವನ್ನು ತಡೆಯುತ್ತೇವೆ ಅನ್ನುವಂತೆ ಜಾಹೀರಾತು ಕೊಟ್ಟಿತ್ತು. ಅದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ ಅಮೆರಿಕದ ಸರ್ಕಾರಿ ಆಯೋಗ ಹಿಡಿದು, 2016ರಲ್ಲಿ 20 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಆಟ ಆಡಿ, ಬೇಡ ಅನ್ನಲ್ಲ. ಔಷಧಿ ಅಂತ ದುಡ್ಡು ಕೊಡಬೇಡಿ.

ನಿಮ್ಮತ್ತೆ ರಂಗೋಲಿ ಹಾಕುತ್ತಿದ್ದರಾ? ಹಾಗಿದ್ದರೆ ರಂಗೋಲಿ ಡಬ್ಬಿ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ನಡುವಿನ ಸಾಲಿನಲ್ಲಿ 11 ಚುಕ್ಕಿ, ಎರಡೂ ಕಡೆ ಒಂದೊಂದೇ ಕಡಿಮೆ ಮಾಡುತ್ತಾ 6ಕ್ಕೆ ನಿಲ್ಲುವ ಸಂದು ಚುಕ್ಕಿ. ಒಟ್ಟು 91 ಚುಕ್ಕಿ. ಒಂದು ತಪ್ಪಿದರೂ ಎಳೆ ಸೇರುವುದಿಲ್ಲ. ಇದು ಲೆಕ್ಕವಲ್ಲದೆ ಮತ್ತೇನು? ಆದರೆ ಡಾಕ್ಟರನ್ನು ನೋಡಿ ಬಂದ ಮೇಲೆ.

ಸುಡೊಕು ಜಪಾನಿನದ್ದಾ? ನಮ್ಮ ಸ್ನೇಹಿತರು ಅಲ್ಲ ಅಂತಾರೆ. (ಪಂದ್ಯ ಕಟ್ಟಿದವರು, ಹುಬ್ಬಳ್ಳಿ)

ನೀವು ಸೋತಿರಿ, ಆದರೆ ಪೂರ್ತಿ ಅಲ್ಲ. ಮೊದಲು ಅಚ್ಚಾಗಿದ್ದು 1979ರಲ್ಲಿ, ಅಮೆರಿಕದ ಡೆಲ್ ಪತ್ರಿಕೆಯಲ್ಲಿ, ‘ನಂಬರ್ ಪ್ಲೇಸ್’ ಅಂತ. ಮಾಡಿದವರು ಹೊವಾರ್ಡ್ ಗಾರ್ನ್ಸ್, ಆರ್ಕಿಟೆಕ್ಟ್. ಜಪಾನಿನ ನಿಕೊಲಿ ಕಂಪನಿ 1984ರಲ್ಲಿ ಎತ್ತಿಕೊಂಡು ಬೆಳೆಸಿತು, ಹೆಸರು ಅಲ್ಲಿಯದು. ಹಾಂಗ್‌ಕಾಂಗಿನಲ್ಲಿ ಜಡ್ಜ್ ಆಗಿದ್ದ ವೇನ್ ಗೌಲ್ಡ್ ಕಂಪ್ಯೂಟರಿನಲ್ಲಿ ಇದನ್ನು ತಯಾರಿಸುವ ಪ್ರೋಗ್ರಾಂ ಬರೆದು, 2004ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಒಪ್ಪಿಸಿದರು. ಲೋಕವೆಲ್ಲಾ ಹಬ್ಬಿದ್ದು ಅಲ್ಲಿಂದ. ಪಂದ್ಯದ ಕಾಫಿಯ ದುಡ್ಡು ಅರ್ಧರ್ಧ ಹಂಚಿಕೊಳ್ಳಿ.

ಕಷ್ಟದ ಸುಡೊಕುವಿನಲ್ಲಿ ಕೊನೆಗೆ ಊಹೆ ಮಾಡಲೇಬೇಕಲ್ಲವೇ? ನನಗೆ ಪ್ರತಿ ಸಲವೂ ಕೊನೆಯ ಎರಡು ಮನೆಯಲ್ಲಿ ತಪ್ಪು ಬರುತ್ತದೆ. (ಗೃಹಿಣಿ, ಸಿರ್ಸಿ)

ತಪ್ಪು ಕೊನೆಯಲ್ಲಿ ಕಾಣುತ್ತದೆ, ಆಗಿರುವುದು ನಡುವೆ ಎಲ್ಲೋ ಊಹೆ ಮಾಡಿದಾಗ. ಸರಿಯಾಗಿ ಮಾಡಿದ ಸುಡೊಕುವಿಗೆ ಉತ್ತರ ಒಂದೇ ಇರುತ್ತದೆ. ಅದಕ್ಕೆ ಕನಿಷ್ಠ 17 ಅಂಕಿ ಮೊದಲೇ ಕೊಟ್ಟಿರಬೇಕು, 16 ಸಾಲದು. ಇದನ್ನು ಡಬ್ಲಿನ್ನಿನ ಗಣಿತಜ್ಞರು 2012ರಲ್ಲಿ ಕಂಪ್ಯೂಟರ್ ಹಚ್ಚಿ ತೋರಿಸಿದರು. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಇನ್ನೂ ಜಾಸ್ತಿ ಕೊಟ್ಟಿರುತ್ತಾರೆ.

ಪೆನ್ನು ಬಿಟ್ಟು ಪೆನ್ಸಿಲ್ ಹಿಡಿಯಿರಿ. ಖಾಲಿ ಮನೆಯ ಮೂಲೆಯಲ್ಲಿ ಅಲ್ಲಿ ಬರಬಹುದಾದ ಅಂಕಿಗಳನ್ನು ಸಣ್ಣದಾಗಿ ಬರೆಯಿರಿ. ಆಮೇಲೆ ಜೋಡಿ ಹುಡುಕಿ. ಒಂದು ಸಾಲಿನ ಎರಡು ಮನೆಗಳಲ್ಲಿ 3 ಮತ್ತು 7 ಮಾತ್ರ ಉಳಿದಿವೆ ಅನ್ನಿ. ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿಗೆ ಅಕ್ಕ ತಂಗಿ ಟವೆಲ್ ಹಾಕಿದ ಹಾಗೆ. ಕಿಟಕಿ ಪಕ್ಕ ಯಾರು ಅಂತ ಇನ್ನೂ ಗೊತ್ತಿಲ್ಲ. ಆದರೆ ಮೂರನೆಯವರಿಗೆ ಅಲ್ಲಿ ಜಾಗವಿಲ್ಲ, ಇವರಿಬ್ಬರೂ ಬೇರೆ ಸೀಟಿಗೆ ಹೋಗುವುದಿಲ್ಲ. ಅಂದರೆ ಆ ಸಾಲಿನ ಉಳಿದ ಮನೆಗಳಿಂದೆಲ್ಲ 3, 7 ಅಳಿಸಿಬಿಡಿ. ಎಲ್ಲೋ ಒಂದು ಕಡೆ ಒಂಟಿ ಅಂಕಿ ಉಳಿಯುತ್ತದೆ. ಅಲ್ಲಿಂದ ದಾರಿ ಬಿಚ್ಚಿಕೊಳ್ಳುತ್ತದೆ.

ಟೀಚರ್, ಭಾನುವಾರದ ಸುಡೊಕು ಪೂರ್ತಿ ತಾತನೇ ಬಿಡಿಸಿಬಿಡ್ತಾರೆ. ನನಗೆ ಒಂದು ಮನೆಯನ್ನೂ ಬಿಡಲ್ಲ. ನಾನೇನು ಮಾಡಲಿ? (7ನೇ ತರಗತಿ ವಿದ್ಯಾರ್ಥಿ, ಹಾಸನ)

ಬಿಡು ಪುಟ್ಟಾ, ತಾತನಿಗೆ ಗೊತ್ತಿಲ್ಲದ ಆಟ ಹೇಳಿಕೊಡುತ್ತೇನೆ. ನಾಸಿಕದ ಹತ್ತಿರ ದೇವಳಾಲಿಯಲ್ಲಿ ಕಾಪ್ರೇಕರ್ ಅಂತ ಒಬ್ಬ ಶಾಲಾ ಮೇಷ್ಟ್ರಿದ್ದರು. 1949ರಲ್ಲಿ ಅವರು ಕಂಡುಹಿಡಿದದ್ದು ಇದು.

ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತಗೋ. ನಾಲ್ಕೂ ಒಂದೇ ಅಂಕಿ ಆಗಿರಬಾರದು. ನಮ್ಮ ರಾಜ್ಯ ಹುಟ್ಟಿದ 1956 ತಗೊಳ್ಳೋಣ, ನಾನು ಹುಟ್ಟಿದ್ದೂ ಆಗಲೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು: 9651. ತಿರುಗಿಸು: 1569. ಕಳೆದರೆ 8082. ಅದನ್ನೂ ಹಾಗೇ ಮಾಡು: 8820ರಿಂದ 0288 ಕಳೆದರೆ 8532. ಮತ್ತೆ, 8532ರಿಂದ 2358 ಕಳೆದರೆ 6174. ಇನ್ನೊಂದು ಸಲ ಮಾಡಿ ನೋಡು, ಮತ್ತೆ 6174ಕ್ಕೇ ಬಂದು ಕೂರುತ್ತೆ! ಯಾವ ಸಂಖ್ಯೆ ತಗೊಂಡರೂ ಹೆಚ್ಚೆಂದರೆ ಏಳು ಸಲಕ್ಕೆ ಅಲ್ಲಿಗೇ ಬರುತ್ತದೆ. ನಡುವೆ ಮೂರೇ ಅಂಕಿ ಬಂದರೆ ಮುಂದೆ ಸೊನ್ನೆ ಹಾಕಿಕೊಳ್ಳೋದು ಮರೀಬೇಡ.

ಮೂರಂಕಿಗೂ ಇಂಥ ಒಂದು ಸಂಖ್ಯೆ ಇದೆ. ಅದನ್ನು ನಾನು ಹೇಳಲ್ಲ. ತಾತನಿಗೊಂದು ಹಾಳೆ ಕೊಡು, ನೀನೊಂದು ಇಟ್ಟುಕೋ. ಯಾರು ಮೊದಲು ಹಿಡಿದರು ಅಂತ ನನಗೆ ಕಾರ್ಡ್ ಬರಿ.