ಬೆಟ್ಟಕ್ಕೆ ನೀಲಿ ಹೆಚ್ಚಾದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕೆಲಸ, ಊರಿನ ವಿವರ ಬದಲಿಸಿದೆ. ಇಬ್ಬರ ಒಪ್ಪಿಗೆಯೂ ಇದೆ.)

ರ., 29 ವರ್ಷ. ಚಿಕ್ಕಮಗಳೂರು ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ನಿದ್ದೆ ಬರುತ್ತಿಲ್ಲ ಎಂದು ಬಂದವರು. ನಿಜವಾದ ಸಂಗತಿ ಹೊರಬಂದದ್ದು ಎರಡನೇ ಭೇಟಿಯಲ್ಲಿ: ಏಳು ತಿಂಗಳಿಂದ ಅವರ ಕ್ಯಾಮೆರಾ ಬೀರುವಿನಲ್ಲಿದೆ.

ಕ್ಯಾಮೆರಾ ಹಿಡಿಯಲು ಕಲಿಸಿದ್ದು ಚಿಕ್ಕಪ್ಪ. ಅವರಿಗೆ 63, ಫಿಲ್ಮ್ ಕಾಲದಲ್ಲಿ ಸ್ಟುಡಿಯೋ ನಡೆಸಿದವರು. ಮನೆಮಂದಿಯೆಲ್ಲ ಇರುವ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವರು ಎರಡು ಮಾತು ಹೇಳಿದ್ದರು. ಮುಳ್ಳಯ್ಯನಗಿರಿಯ ಮುಂಜಾವಿನ ಮಂಜಿನ ಫೋಟೋ ನೋಡಿ, "ಇದೇನ್ ಮಾರಾಯ್ತಿ, ಪಂಚೆಗೆ ನೀಲಿ ಜಾಸ್ತಿ ಆದಂಗಿದೆ." ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಯ ಫೋಟೋ ನೋಡಿ, "ಹಿಂದಿನ ಕಡ್ಡಿ ಅಳಿಸಿದೀಯ. ಇದು ಮೋಸ."

ನೀಲಿಯ ಮಾತು ನಗುವಿನಲ್ಲೇ ಮುಗಿಯುತ್ತಿತ್ತು. 'ಮೋಸ' ಮುಗಿಯಲಿಲ್ಲ. ಅತ್ತೆ, ಮಾವ, ಸೋದರತ್ತೆ ಮಕ್ಕಳೆಲ್ಲ ಓದಿದ ಪದ ಅದು. ಉತ್ತರವಾಗಿ ರ. ಬರೆದದ್ದೂ ಮೆತ್ತಗಿರಲಿಲ್ಲ: "ನಿಮ್ಮ ಫೋಟೋ ಎಲ್ಲ ಮಂಕು ಚಿಕ್ಕಪ್ಪ, ಯಾರೂ ಹೇಳಿಲ್ಲ ಅಷ್ಟೆ." ಅಲ್ಲಿಂದ ಮಾತು ನಿಂತಿತು.

ಮೊದಲು ಒಂದು ನಾಲ್ಕು ಅಂಕಣದ ಹಾಳೆ ಬರೆಸಿದೆ: ನಡೆದದ್ದೇನು, ಆಗ ಮನಸ್ಸಿಗೆ ಬಂದದ್ದೇನು, ಮೈಗೆ ಏನಾಯಿತು, ಬೇರೆ ಏನಿರಬಹುದು. ಎರಡನೇ ಅಂಕಣದಲ್ಲಿ ರ. ಬರೆದದ್ದು, "ನಾನು ಮೋಸಗಾರ್ತಿ." ಚಿಕ್ಕಪ್ಪ ಹೇಳಿದ್ದು ಫೋಟೋ ಬಗ್ಗೆ. ಹಾಳೆಯ ಮೇಲೆ ಅದು ಆಕೆಯ ಬಗ್ಗೆ ಆಗಿಬಿಟ್ಟಿತ್ತು. ನಾಲ್ಕನೇ ಅಂಕಣ ಖಾಲಿ ಉಳಿಯಿತು. ಖಾಲಿಯೇ ಇರಲಿ ಎಂದೆ. ಅದನ್ನು ಬರಿಯ ಸಮಾಧಾನದ ಮಾತಿನಿಂದ ತುಂಬಿಸಿದರೆ ನಿಲ್ಲುವುದಿಲ್ಲ. ಫೋಟೋಗಳನ್ನೇ ನೋಡಬೇಕಿತ್ತು. ಮೂರನೇ ಭೇಟಿಗೆ ಚಿಕ್ಕಪ್ಪ ಬಂದರು, ಲ್ಯಾಪ್‌ಟಾಪ್ ಬಂತು, ಅವರ ಫೋನೂ ಮೇಜಿನ ಮೇಲೆ ಬಂತು.

ಒಂದೇ ಫೋಟೋವನ್ನು ಎರಡರಲ್ಲೂ ಪಕ್ಕಪಕ್ಕ ತೆರೆದಾಗ ಜಗಳದ ಅರ್ಧ ಭಾಗ ಕಣ್ಣಿಗೇ ಕಂಡಿತು. ರ. ಎಡಿಟ್ ಮಾಡುವುದು ರಾತ್ರಿ ಒಂಬತ್ತರ ಮೇಲೆ. ಲ್ಯಾಪ್‌ಟಾಪಿನಲ್ಲಿ ನೈಟ್ ಲೈಟ್ ಆನ್ ಇರುತ್ತಿತ್ತು. ಅದು ಪರದೆಯನ್ನು ಹಳದಿ ಮಾಡುತ್ತದೆ. ಹಳದಿಯನ್ನು ಸರಿಮಾಡಲು ಆಕೆ ಫೋಟೋದ ಬಣ್ಣವನ್ನು ಹಳದಿಗೋ ನೀಲಿಗೋ ತಿರುಗಿಸುವ ಟೆಂಪರೇಚರ್ ಸ್ಲೈಡರನ್ನು 5,500ರಿಂದ 4,600ಕ್ಕೆ, ಅಂದರೆ ನೀಲಿಯ ಕಡೆಗೆ, ಎಳೆದಿದ್ದರು. ಹಗಲಲ್ಲಿ ನೋಡಿದರೆ ಬೆಟ್ಟ ನೀಲಿ. ಚಿಕ್ಕಪ್ಪನ ಫೋನು ವಿವಿಡ್ ಮೋಡ್‌ನಲ್ಲಿತ್ತು, ಅದು ಬಣ್ಣವನ್ನು ಇನ್ನಷ್ಟು ಏರಿಸಿ ತೋರಿಸುತ್ತದೆ. ನೀಲಿಯ ಮೇಲೆ ನೀಲಿ. ಜೊತೆಗೆ ವಾಟ್ಸ್‌ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸಿತ್ತು. "ಶಾರ್ಪ್ ಇಲ್ಲ" ಎಂಬ ಅವರ ಇನ್ನೊಂದು ದೂರಿಗೆ ಅದೇ ಕಾರಣ.

ಆದರೆ ಪೂರ್ತಿ ತಪ್ಪು ಪರದೆಯದ್ದಲ್ಲ. ಮಬ್ಬು ತೆಗೆಯುವ ಡೀಹೇಜ್ ಸ್ಲೈಡರ್ +35ರಲ್ಲಿತ್ತು. ಮಂಜಿನ ಫೋಟೋಗೆ ಇಷ್ಟು ಡೀಹೇಜ್ ಕೊಟ್ಟರೆ ಕಾಂಟ್ರಾಸ್ಟ್ ಜೊತೆಗೆ ಬಣ್ಣವೂ ಗಾಢವಾಗುತ್ತದೆ, ನೆರಳಿನ ನೀಲಿ ಮೇಲೆದ್ದು ಬರುತ್ತದೆ. ಒಂದರ ಹಿಂದೊಂದು ಸಾಲುಗಟ್ಟಿದ ಬೆಟ್ಟಗಳ ದೂರ ಕಾಣುವುದೇ ಮಂಜಿನಿಂದ. ಅದನ್ನು ಒರೆಸಿದರೆ ಎಲ್ಲ ಬೆಟ್ಟ ಒಂದೇ ಗೋಡೆಗೆ ಅಂಟಿಸಿದಂತೆ ಕಾಣುತ್ತವೆ. ಡೀಹೇಜ್ ಬೇಕೇ ಬೇಕೆಂದರೆ ಮುಂಭಾಗದ ಶೋಲಾ ಕಾಡಿನ ಮರಗಳಿಗಷ್ಟೇ ಮಾಸ್ಕ್ ಹಾಕಿ (ಆ ಭಾಗವನ್ನು ಮಾತ್ರ ಆಯ್ದು) +8, +10ರಷ್ಟು ಕೊಟ್ಟರೆ ಸಾಕು. ಚಿಕ್ಕಪ್ಪನಿಗೂ ಒಂದು ಮಾತು ಹೇಳಬೇಕಾಯಿತು: ಬೆಳಗಿನ ಜಾವ ನೆರಳಲ್ಲಿರುವ ಕಣಿವೆಗೆ ಬೀಳುವುದು ಬಿಸಿಲಲ್ಲ, ಆಕಾಶದ ಬೆಳಕು. ಅಲ್ಲಿ ಸ್ವಲ್ಪ ನೀಲಿ ಇದ್ದರೆ ಅದು ನಿಜದ ಬಣ್ಣ.

ಇನ್ನು ಕಡ್ಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ಗೂಡು ಮಾಡುವ ಹಕ್ಕಿ ಆ ರಿವರ್ ಟರ್ನ್. ಕಪ್ಪು ಟೋಪಿ, ಕಿತ್ತಳೆ ಹಳದಿ ಕೊಕ್ಕು, ಬಿಳಿ ಹೊಟ್ಟೆ. ಕೊಕ್ಕಿನಲ್ಲಿ ಮೀನು. ಹಿಂದೆ ಅಡ್ಡ ಬಂದ ಒಣಕಡ್ಡಿಯೊಂದನ್ನು ರ. ಕ್ಲೋನ್ ಮಾಡಿ (ಪಕ್ಕದ ಭಾಗವನ್ನು ನಕಲಿಸಿ ಮುಚ್ಚಿ) ಅಳಿಸಿ, ಸ್ಪರ್ಧೆಯೊಂದರ ನೇಚರ್ ವಿಭಾಗಕ್ಕೆ ಕಳಿಸಲು ಇಟ್ಟುಕೊಂಡಿದ್ದರು. ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು ಮೂರೂ ಒಪ್ಪಿರುವ ನೇಚರ್ ವ್ಯಾಖ್ಯೆಯ ಪ್ರಕಾರ ಚಿತ್ರದಲ್ಲಿರುವುದನ್ನು ತೆಗೆಯುವಂತಿಲ್ಲ, ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಕ್ರಾಪ್ ಮಾಡಬಹುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ತೆಗೆಯಬಹುದು, ನಾಯ್ಸ್ (ಚಿತ್ರದ ಕಾಳುಕಾಳು) ಇಳಿಸಬಹುದು. ಕಡ್ಡಿ ಅಳಿಸುವಂತಿಲ್ಲ.

ಅಂದರೆ ಚಿಕ್ಕಪ್ಪ ಹೇಳಿದ ವಿಷಯ ಸರಿ, ಆಡಿದ ಪದ ತಪ್ಪು. ನಿಯಮ ಗೊತ್ತಿದ್ದೂ ಮುರಿದರೆ ಮೋಸ. ರ.ಗೆ ಆ ನಿಯಮವೇ ಗೊತ್ತಿರಲಿಲ್ಲ. ಇದನ್ನು ಕೇಳಿ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಎನ್‌ಲಾರ್ಜರ್ ಕೆಳಗೆ ತೂತಿನ ರಟ್ಟು ಹಿಡಿದು ಆಕಾಶ ಕಪ್ಪು ಮಾಡ್ತಿದ್ದೆ ಬಿಡು" ಎಂದರು. ಎನ್‌ಲಾರ್ಜರ್ ಎಂದರೆ ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರ. ಹಾಗೆ ಆಕಾಶ ಕಪ್ಪು ಮಾಡುವುದು ತಪ್ಪಲ್ಲ, ಅದೇ ನಿಯಮ ಅದಕ್ಕೆ ಇಂದಿಗೂ ಅವಕಾಶ ಕೊಡುತ್ತದೆ. ಆದರೆ ಎಡಿಟಿಂಗ್ ಎಂಬುದು ಹೊಸ ಹುಡುಗರ ಚಟ ಎಂಬ ಅವರ ಗಟ್ಟಿ ನಂಬಿಕೆ ಆ ಒಂದು ವಾಕ್ಯದಲ್ಲಿ ಸಡಿಲವಾಯಿತು.

ಚಿಕ್ಕಪ್ಪನಿಗೆ ಕೊಟ್ಟ ಸಲಹೆ ಇಷ್ಟು. ಹೇಳುವ ಮೊದಲು ಮೂರರಲ್ಲಿ ಯಾವುದು ಎಂದು ನಿಮಗೆ ನೀವೇ ಕೇಳಿಕೊಳ್ಳಿ: ನಿಯಮವೋ, ದೋಷವೋ, ರುಚಿಯೋ? ನಿಯಮವಾದರೆ ನಿಯಮವನ್ನೇ ಹೇಳಿ, ವ್ಯಕ್ತಿಯ ಗುಣಕ್ಕೆ ಹೋಗಬೇಡಿ. ದೋಷವಾದರೆ ಬೆರಳಿಟ್ಟು ತೋರಿಸಿ. "ಓವರ್ ಆಯ್ತು" ಎಂಬ ಮಾತಿನಿಂದ ಎದುರಿನವರು ಯಾವ ಸ್ಲೈಡರ್ ಮುಟ್ಟಬೇಕು? "ಕೊಕ್ಕಿನ ಮೇಲಂಚಿನಲ್ಲಿ ಬಿಳಿ ಗೆರೆ ಬಂದಿದೆ, 100% ಜೂಮ್ ಮಾಡಿ ನೋಡು" ಎಂದರೆ ಕೆಲಸ ಶುರುವಾಗುತ್ತದೆ. (ನಿಜಕ್ಕೂ ಬಂದಿತ್ತು: ಅಂಚು ಚೂಪು ಮಾಡುವ ಶಾರ್ಪನಿಂಗಿನ ಅಮೌಂಟ್ 120, ರೇಡಿಯಸ್ 2. ರೇಡಿಯಸ್ 1ಕ್ಕೆ, ಅಮೌಂಟ್ 50ರ ಆಸುಪಾಸಿಗೆ ಇಳಿಸಿ, ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಆಲ್ಟ್ ಕೀ ಒತ್ತಿ, ಶಾರ್ಪನಿಂಗ್ ಎಲ್ಲಿ ಬೀಳಬೇಕೆಂದು ಹೇಳುವ ಮಾಸ್ಕಿಂಗ್ ಎಳೆದಾಗ ನೀರು ಪೂರ್ತಿ ಕಪ್ಪಾಗಿ ಹಕ್ಕಿಯ ಅಂಚು ಮಾತ್ರ ಬಿಳಿಯಾಗಿ ಉಳಿಯುವಷ್ಟಕ್ಕೆ ನಿಲ್ಲಿಸಿದ ಮೇಲೆ ಗೆರೆ ಹೋಯಿತು.) ರುಚಿಯಾದರೆ, ಅವಳು ಕೇಳಿದರೆ ಮಾತ್ರ ಹೇಳಿ, "ನನಗೆ" ಎಂದು ಶುರುಮಾಡಿ. ಮೊದಲ ಪ್ರಶ್ನೆ ಯಾವಾಗಲೂ "ಆಗ ಬೆಳಕು ಹೇಗಿತ್ತು?" ಎಂದಿರಲಿ, ಅಲ್ಲಿ ನಿಂತಿದ್ದವಳು ಅವಳು. ಮನೆಯ ಗ್ರೂಪಿನಲ್ಲಿ ತಪ್ಪು ಎತ್ತಬೇಡಿ. ಫೋನನ್ನು ನ್ಯಾಚುರಲ್ ಮೋಡ್‌ಗೆ ಹಾಕಿ.

ರ.ಗೆ ಕೊಟ್ಟದ್ದು ಬೇರೆ. ಟೀಕೆ ಬಂದಾಗ ಕಿವಿ ಬಿಸಿಯಾಗುತ್ತದೆ, ಎದೆ ಬಿಗಿಯುತ್ತದೆ ಎಂದು ಆಕೆಯೇ ಹಾಳೆಯಲ್ಲಿ ಬರೆದಿದ್ದರು. ಆ ಬಿಸಿ ಇರುವಾಗ ಉತ್ತರ ಬರೆಯುವುದು ಬೇಡ. ಒಂದೇ ವಾಕ್ಯ ಸಾಕು: "ಚಿಕ್ಕಪ್ಪ, ಎಲ್ಲಿ ಅಂತ ತೋರಿಸ್ತೀರಾ?" ಅವರು ಹೇಳಿದ್ದನ್ನು ವಾದಿಸದೆ ಬರೆದುಕೊಂಡು, ವರ್ಚುಯಲ್ ಕಾಪಿ (ಮೂಲ ಫೋಟೋ ಕೆಡದಂತೆ ಬೇರೆ ಎಡಿಟ್ ಪ್ರತಿ) ಮಾಡಿ ಅವರ ಮಾತಿನಂತೆ ಎಡಿಟ್ ಮಾಡಿ, ಮಾರನೇ ದಿನ ಹಗಲಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ತೀರ್ಮಾನ ಆಕೆಯದ್ದೇ. ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಆಗಿ, ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾದರಿಯಲ್ಲಿ, ಎರಡು ಸಾಲಿನ ಜೊತೆ ಕಳಿಸುವುದು: ಏನು ತೋರಿಸಬೇಕೆಂದಿದ್ದೆ, ಎಲ್ಲಿ ಅನುಮಾನವಿದೆ. ನೈಟ್ ಲೈಟ್ ಆಫ್. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದಾಗ ಪರದೆಯ ಬಿಳಿ ದೀಪದ ಹಾಗೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಬೇಕು. ಎಡಿಟ್ ಮುಗಿಸುವ ಮೊದಲು ಲೈಟ್‌ರೂಮಿನಲ್ಲಿ ಜೆ ಕೀ ಒತ್ತಿ ಹಕ್ಕಿಯ ಬಿಳಿ ಗರಿಯಲ್ಲಿ ಕೆಂಪು ಬರುತ್ತದೆಯೇ ನೋಡುವುದು. ಕೆಂಪು ಬಂದ ಕಡೆ ಗರಿಯ ವಿವರ ಸತ್ತಿದೆ ಎಂದರ್ಥ, ಹೈಲೈಟ್ಸ್ ಇಳಿಸಬೇಕು.

"ಮಂಕು" ಎಂದದ್ದಕ್ಕೆ ಕ್ಷಮೆ ಕೇಳಬೇಕೇ ಎಂದು ರ. ಕೇಳಿದರು. ಕೇಳಿ ಎಂದೆ. ಹೇಳಿದ್ದು ಗ್ರೂಪಿನಲ್ಲಿ, ಹಾಗಾಗಿ ಕ್ಷಮೆಯೂ ಅಲ್ಲೇ. ಚಿಕ್ಕಪ್ಪನಿಗೂ ಇದನ್ನೇ ಹೇಳಿದೆ, ಅವರೇ ಮೊದಲು ಬರೆದರು.

ಏಳು ತಿಂಗಳು, ಅದರಲ್ಲೂ ಮಳೆಗಾಲ, ಬೀರುವಿನಲ್ಲಿ ಇದ್ದ ಲೆನ್ಸಿನ ಅಂಚಿನಲ್ಲಿ ಬೂಸ್ಟು ಹಿಡಿದಿತ್ತು. ನಮ್ಮ ಕಡೆಯ ಥಂಡಿಗೆ ಬಟ್ಟೆಯ ಮಧ್ಯೆ ಲೆನ್ಸ್ ಇಡಲೇಬಾರದು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೆ ತೇವಾಂಶ 40ರಿಂದ 50 ಶೇಕಡಾ. ಲೆನ್ಸನ್ನು ಸ್ವಚ್ಛ ಮಾಡಿಸಲು ಚಿಕ್ಕಪ್ಪನೇ ತೆಗೆದುಕೊಂಡು ಹೋದರು.

ಐದನೇ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ಹಾಳೆಯ ನಾಲ್ಕನೇ ಅಂಕಣದಲ್ಲಿ ರ. ಬರೆದಿದ್ದರು: "ನಿಯಮ ಗೊತ್ತಿರಲಿಲ್ಲ." ಟರ್ನ್ ಫೋಟೋದಲ್ಲಿ ಕಡ್ಡಿ ವಾಪಸ್ ಬಂದಿದೆ. ಹಕ್ಕಿಯನ್ನು ಕ್ರಾಪ್‌ನಲ್ಲಿ ಬಲಕ್ಕೆ ಸರಿಸಿದ್ದರಿಂದ ಅದು ಈಗ ಅಷ್ಟು ಅಡ್ಡವಿಲ್ಲ. ಮುಳ್ಳಯ್ಯನಗಿರಿ ಮಾತ್ರ ಇತ್ಯರ್ಥವಾಗಿಲ್ಲ. ಟೆಂಪರೇಚರ್ 5,200 ಇರಲಿ ಎಂದು ಆಕೆ, 5,600 ಎಂದು ಅವರು. ಎರಡನ್ನೂ 8x12 ಇಂಚಿನ ಪ್ರಿಂಟ್ ಹಾಕಿಸಿ, ಕಿಟಕಿಯ ಬೆಳಕಲ್ಲಿ ನೋಡಲು ಜಗಲಿಯಲ್ಲಿಟ್ಟಿದ್ದಾರಂತೆ.