ಡೇ ಕೇರ್ ನೋಡಲು ಹೋದಾಗ ನಲ್ಲಿಯ ಹತ್ತಿರ ನಿಂತುಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಡೇ ಕೇರ್ ಬಗ್ಗೆ ಬಂದವೇ ಜಾಸ್ತಿ. ಅಪ್ಪ ಅಮ್ಮಂದಿರೂ ಬರೆದಿದ್ದಾರೆ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೂ ಬರೆದಿದ್ದಾರೆ. ನಾನೂ ತುಂಬಾ ವರ್ಷ ಪುಟ್ಟ ಮಕ್ಕಳ ಕೋಣೆಯಲ್ಲೇ ಕೆಲಸ ಮಾಡಿದವಳು. ಹಾಗಾಗಿ ಒಬ್ಬರಿಗೆ ಕೊಟ್ಟ ಉತ್ತರವನ್ನು ಇನ್ನೊಬ್ಬರೂ ಓದಿ ಅಂತ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 14 ತಿಂಗಳು. ಡೇ ಕೇರ್‌ಗೆ ಬಿಟ್ಟು ಎರಡು ತಿಂಗಳಾಯಿತು. ಅಷ್ಟರಲ್ಲೇ ಮೂರು ಸಲ ನೆಗಡಿ, ಒಂದು ಸಲ ಕಿವಿ ನೋವು. ಜಾಗ ಕ್ಲೀನ್ ಇಲ್ಲ, ಬಿಡಿಸಿಬಿಡು ಅಂತ ಅತ್ತೆ ಹೇಳುತ್ತಿದ್ದಾರೆ. ನನ್ನ ಕಣ್ಣಿಗೆ ಜಾಗ ಚೆನ್ನಾಗಿಯೇ ಕಾಣುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಆಗುವುದು ಮಾಮೂಲು. ಹತ್ತಾರು ಮಕ್ಕಳ ಜೊತೆ ಬೆರೆಯುವ ಮಗುವಿಗೆ ಮೊದಲ ವರ್ಷ ಇನ್ನೂ ಜಾಸ್ತಿಯೇ ಆಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎರಡೂವರೆ ವರ್ಷಕ್ಕೆ ಮೊದಲೇ ದೊಡ್ಡ ಗುಂಪಿಗೆ ಸೇರಿದ ಮಕ್ಕಳಿಗೆ ಆಗ ನೆಗಡಿ, ಕಿವಿಯ ಸೋಂಕು ಜಾಸ್ತಿ ಬಂತು, ಶಾಲೆಗೆ ಹೋಗುವ ಹೊತ್ತಿಗೆ ಉಳಿದವರಿಗಿಂತ ಕಮ್ಮಿಯಾಯಿತು. ನೆಗಡಿ ಆಯಿತು ಅಂದ ಮಾತ್ರಕ್ಕೆ ಜಾಗ ಗಲೀಜು ಅಂತ ಹೇಳಲು ಬರುವುದಿಲ್ಲ.

ಆದರೆ ಚೆನ್ನಾಗಿ ಕಾಣುತ್ತದೆ ಅನ್ನುವುದೂ ಸಾಕಾಗುವುದಿಲ್ಲ. ಹೊಳೆಯುವ ನೆಲ, ಗೋಡೆಯ ಮೇಲಿನ ಚಿತ್ರ ನೋಡಿ ಏನೂ ಗೊತ್ತಾಗುವುದಿಲ್ಲ. ಡೈಪರ್ ಬದಲಿಸುವ ಜಾಗದ ಹತ್ತಿರ, ಅಲ್ಲಿರುವ ನಲ್ಲಿಯ ಪಕ್ಕ ಸುಮ್ನೆ ಐದು ನಿಮಿಷ ನಿಂತು ನೋಡಲು ಬಿಡಿ ಅಂತ ಕೇಳಿ.

ಕೆಲಸ ಗೊತ್ತಿರುವವರು ಮಗುವನ್ನು ಎತ್ತಿಕೊಳ್ಳುವ ಮೊದಲೇ ಹೊಸ ಡೈಪರ್, ಒರೆಸುವ ಬಟ್ಟೆ, ಕ್ರೀಮು ಎಲ್ಲ ಕೈಗೆ ಸಿಗುವ ಹಾಗೆ ಜೋಡಿಸಿಟ್ಟುಕೊಳ್ಳುತ್ತಾರೆ. ಯಾಕೆಂದರೆ ಮಗು ಮೇಜಿನ ಮೇಲೆ ಇರುವಷ್ಟು ಹೊತ್ತೂ ಒಂದು ಕೈ ಅದರ ಮೇಲೆ ಇರಲೇಬೇಕು. ಏನೋ ಮರೆತೆ ಅಂತ ಆ ಕಡೆ ತಿರುಗಿದ ಕ್ಷಣದಲ್ಲೇ ಮಗು ಉರುಳುತ್ತದೆ. ಒರೆಸುವುದು ಮುಂದಿನಿಂದ ಹಿಂದಕ್ಕೆ. ಕೊಳೆಯಾದ ಡೈಪರ್ ಕಾಲಲ್ಲಿ ಒತ್ತಿ ತೆಗೆಯುವ ಮುಚ್ಚಳದ ಡಬ್ಬಿಗೆ. ಹೊಸದನ್ನು ಮುಟ್ಟುವ ಮೊದಲು ತಮ್ಮ ಕೈ ಒರೆಸಿಕೊಳ್ಳುತ್ತಾರೆ. ಆಮೇಲೆ ಮಗುವಿನ ಕೈಯನ್ನೂ ತೊಳೆಯುತ್ತಾರೆ, ಇದನ್ನೇ ಬಹಳ ಜನ ಮರೆಯುವುದು. ಬದಲಿಸುವಾಗ ಮಗು ಕೈ ಎಲ್ಲೆಲ್ಲಿಗೋ ಹಾಕಿರುತ್ತದೆ, ಕೆಳಗಿಳಿದ ಕೂಡಲೇ ಆ ಕೈ ಬಾಯಿಗೆ ಹೋಗುತ್ತದೆ, ಅಲ್ವಾ? ಮಗುವನ್ನು ಕೆಳಗೆ ಬಿಟ್ಟ ಮೇಲೆ ಮೇಜು ಒರೆಸಿ, ಕೊನೆಗೆ ಸೋಪು ಹಾಕಿ ತಮ್ಮ ಕೈಯನ್ನು ಕನಿಷ್ಠ 20 ಸೆಕೆಂಡು ತಿಕ್ಕಿ ತೊಳೆಯುತ್ತಾರೆ. ನಲ್ಲಿ ಮುಚ್ಚುವುದು ಮೊಣಕೈಯಿಂದಲೋ ಕೈ ಒರೆಸಿಕೊಂಡ ಪೇಪರ್ ಹಿಡಿದೋ. ಗಲೀಜು ಕೈಯಲ್ಲಿ ತೆರೆದ ನಲ್ಲಿಯನ್ನು ತೊಳೆದ ಕೈಯಲ್ಲಿ ಮುಟ್ಟಿದರೆ ತೊಳೆದದ್ದೆಲ್ಲ ದಂಡ.

ಗ್ಲೌಸ್ ಹಾಕಿದ್ದೇವಲ್ಲ ಅನ್ನುತ್ತಾರೆ ಕೆಲವರು. ಗ್ಲೌಸ್ ಹಾಕಿದರೂ ತೆಗೆದ ಮೇಲೆ ಕೈ ತೊಳೆಯಲೇಬೇಕು. ಒಂದೇ ಜೊತೆ ಗ್ಲೌಸ್‌ನಲ್ಲಿ ಎರಡನೇ ಮಗುವನ್ನು ಮುಟ್ಟುವುದನ್ನು ಕಂಡರೆ ಅಲ್ಲೇ ಹೇಳಿಬಿಡಿ, ಸಂಕೋಚ ಬೇಡ. ಹಾಗೆಯೇ ಹಾಲಿನ ಬಾಟಲಿ ತೊಳೆಯುವ ನಲ್ಲಿಯೂ ಇದೇ ಆಗಿದ್ದರೆ ಅದು ದೊಡ್ಡ ತಪ್ಪು.

ಇಷ್ಟೆಲ್ಲ ಸರಿಯಾಗಿದ್ದರೆ ಮಗನನ್ನು ಬಿಡಿಸಬೇಡಿ, ಅತ್ತೆಯವರನ್ನೂ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ನೆಗಡಿಯ ಜೊತೆ ಉಸಿರು ಜೋರಾಗಿ ಆಡಿದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ಹಾಲು ನೀರು ಬಿಟ್ಟರೆ, ಡೈಪರ್ ಒದ್ದೆಯಾಗುವುದು ಕಮ್ಮಿಯಾದರೆ ಮಾತ್ರ ಕಾಯಬೇಡಿ, ಆವತ್ತೇ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನಾನು ಡೇ ಕೇರ್‌ನಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಮೂರು ಸಲ ಫಿನೈಲ್ ಹಾಕಿ ನೆಲ ಒರೆಸುತ್ತೇವೆ, ಬಾಗಿಲಲ್ಲೇ ಸ್ಯಾನಿಟೈಸರ್ ಇಟ್ಟಿದ್ದೇವೆ. ಆದರೂ ಹೋದ ತಿಂಗಳು ಒಂದು ಮಗುವಿಗೆ ಶುರುವಾದ ವಾಂತಿ ಭೇದಿ ಐದೇ ದಿನದಲ್ಲಿ ಒಂಬತ್ತು ಮಕ್ಕಳಿಗೆ, ಇಬ್ಬರು ಟೀಚರ್‌ಗಳಿಗೆ ಬಂತು. ಎಲ್ಲಿ ತಪ್ಪಿದೆವು?

ಉತ್ತರ: ಎಲ್ಲಿ ತಪ್ಪಿದೆವು ಅಂತ ಕೇಳಿದಿರಲ್ಲ, ಅದಕ್ಕೇ ನಿಮ್ಮ ಮೇಲೆ ಗೌರವ ಬಂತು. ಇಷ್ಟು ಬೇಗ ಹರಡಿದೆ ಅಂದರೆ ವಾಂತಿ ಭೇದಿ ತರುವ ನೊರೋವೈರಸ್ ತರಹದ್ದೇ ಇರಬೇಕು. ಅದಕ್ಕೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ನೀರು ಹಾಕಿ ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆದಾಗಲೇ ಅದು ಕೈ ಬಿಟ್ಟು ಹೋಗುವುದು. ಮೈಗೆ ನೂರಕ್ಕಿಂತ ಕಮ್ಮಿ ಕಣ ಹೊಕ್ಕರೂ ಸಾಕು, ಕಾಯಿಲೆ ಬರುತ್ತದೆ. ಸ್ಯಾನಿಟೈಸರ್ ಬಾಟಲಿ ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಇದ್ದರೆ ಮೊದಲು ಅದನ್ನು ಮೇಲಿಡಿ. ಅದರಲ್ಲಿರುವುದು ಆಲ್ಕೋಹಾಲ್, ಪುಟ್ಟ ಮಗು ಕುಡಿದರೆ ಅಪಾಯ.

ಫಿನೈಲ್ ವಾಸನೆ ಬಂದರೆ ಕ್ಲೀನ್ ಆಯಿತು ಅಂತ ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಕೊಳೆ ತೆಗೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ. ಮೊದಲು ಸೋಪು ನೀರಲ್ಲಿ ಕೊಳೆ ತೆಗೆಯಬೇಕು, ಆಮೇಲೆ ಔಷಧಿ ಹಾಕಬೇಕು. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಯಲ್ಲೇ ಮುಗಿದು ಹೋಗುತ್ತದೆ. ಹಾಕಿದ ಕೂಡಲೇ ಒರೆಸಿಬಿಡಬಾರದು, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಅದು ಒದ್ದೆಯಾಗಿಯೇ ಇರಬೇಕು. ನೀರು ಬೆರೆಸಿದ ಬ್ಲೀಚ್ ದಿನ ಕಳೆದರೆ ಸಪ್ಪೆಯಾಗುತ್ತದೆ, ದಿನಾ ಹೊಸದಾಗಿ, ತಣ್ಣೀರಿನಲ್ಲಿ ಮಾಡಿಕೊಳ್ಳಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆಗೋ ಅಮೋನಿಯಾ ಇರುವ ಕ್ಲೀನರ್ ಜೊತೆಗೋ ಅದನ್ನು ಯಾವತ್ತೂ ಬೆರೆಸಬೇಡಿ. ವಿಷಾನಿಲ ಏಳುತ್ತದೆ.

ಮಗು ವಾಂತಿ ಮಾಡಿದಾಗ ನಿಮ್ಮಲ್ಲಿ ಏನು ಮಾಡುತ್ತಾರೆ? ಓಡಿ ಹೋಗಿ ಮಾಪ್ ತಂದು ಒರೆಸಿ, ಅದೇ ಮಾಪ್‌ನಲ್ಲಿ ಪಕ್ಕದ ಕೋಣೆಯನ್ನೂ ಒರೆಸುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹಾಗೆ ಮಾಡಿದರೆ ನಾವೇ ಹಂಚಿದ ಹಾಗಾಯಿತು. ಮೊದಲು ಉಳಿದ ಮಕ್ಕಳನ್ನು ಆ ಕೋಣೆಯಿಂದ ಆಚೆ ಕರೆದುಕೊಂಡು ಹೋಗಿ, ಕಿಟಕಿ ತೆಗೆಯಿರಿ. ಗ್ಲೌಸ್, ಮಾಸ್ಕ್ ಹಾಕಿಕೊಂಡು, ವಾಂತಿಯ ಮೇಲೆ ಪೇಪರ್ ಟವೆಲ್ ಮುಚ್ಚಿ ಹೀರಿಸಿ, ಅಂಚಿನಿಂದ ಒಳಕ್ಕೆ ಬಳಿದು ಕವರ್‌ಗೆ ಹಾಕಿ ಬಿಗಿಯಾಗಿ ಕಟ್ಟಿ. ಆಮೇಲೆ ಸೋಪು ನೀರು, ಆಮೇಲೆ ಬ್ಲೀಚ್. ಸುತ್ತಲೂ ಒಂದೆರಡು ಮೀಟರ್ ಒರೆಸಿ, ಹನಿ ದೂರ ಸಿಡಿದಿರುತ್ತದೆ.

ಇನ್ನೊಂದು, ಆಟದ ಸಾಮಾನು. ಮಗು ಬಾಯಿಗೆ ಇಟ್ಟುಕೊಂಡು ಕೆಳಗೆ ಹಾಕಿದ್ದನ್ನು ತಿರುಗಿ ಬುಟ್ಟಿಗೆ ಹಾಕಬೇಡಿ. ಅಂಥವಕ್ಕೆ ಕೋಣೆಯಲ್ಲಿ ಬೇರೆಯೇ ಒಂದು ಬಕೆಟ್ ಇಡಿ, ತೊಳೆಯದೆ ಅದರಿಂದ ಯಾವುದೂ ಆಚೆ ಬರಬಾರದು. ಬಕೆಟ್ ಮಕ್ಕಳ ಕೈಗೆ ಎಟುಕಬಾರದು, ಅದರಲ್ಲಿ ನೀರೂ ಇರಬಾರದು. ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ.

ವಾಂತಿ ಭೇದಿ ನಿಂತು 48 ಗಂಟೆ ಆಗುವವರೆಗೆ ಮಗು ಬರಬಾರದು. ಟೀಚರ್ ಕೂಡ ಬರಬಾರದು. ನಿಮ್ಮ ಮಾಲೀಕರಿಗೆ ಈ ಪತ್ರಿಕೆ ತೋರಿಸಿ: ಹುಷಾರಿಲ್ಲದೆ ರಜೆ ಹಾಕಿದರೆ ಸಂಬಳ ಹಿಡಿಯುವ ಜಾಗದಲ್ಲಿ ಭೇದಿ ಇದ್ದವರೂ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಬರುತ್ತಾರೆ, ಅವರದ್ದೇನು ತಪ್ಪು? ಹುಷಾರಾದ ಮೇಲೂ ಎರಡು ವಾರ, ಕೆಲವರಲ್ಲಿ ಇನ್ನೂ ಜಾಸ್ತಿ ದಿನ, ಮಲದಲ್ಲಿ ವೈರಸ್ ಬರುತ್ತಲೇ ಇರುತ್ತದೆ. ಹಾಗಾಗಿ ಗಲಾಟೆ ಮುಗಿಯಿತು ಅಂತ ಕೈ ತೊಳೆಯುವುದನ್ನು ಸಡಿಲ ಬಿಡಬೇಡಿ.

ಪ್ರಶ್ನೆ: ಸ್ವಲ್ಪ ಮೈ ಬಿಸಿಯಾದರೂ ಡೇ ಕೇರ್‌ನವರು ಫೋನ್ ಮಾಡುತ್ತಾರೆ. ಪದೇ ಪದೇ ರಜೆ ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯ ನನಗೆ. ನಿಜ ಹೇಳುತ್ತೇನೆ, ಎರಡು ಸಲ ಬೆಳಿಗ್ಗೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದ್ದೇನೆ. ಯಾವಾಗ ಕಳಿಸಬಹುದು, ಯಾವಾಗ ಬೇಡ?

ಉತ್ತರ: ನಿಜ ಹೇಳಿದ್ದು ಒಳ್ಳೆಯದಾಯಿತು ತಾಯಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಬೈಯುವುದಿಲ್ಲ. ಆದರೆ ಇನ್ನೊಮ್ಮೆ ಹಾಗೆ ಮಾಡಬೇಡಿ. ಆ ಔಷಧಿಯ ಪ್ರಭಾವ ನಾಲ್ಕರಿಂದ ಆರು ಗಂಟೆ. ಮಧ್ಯಾಹ್ನದ ಹೊತ್ತಿಗೆ ಜ್ವರ ತಿರುಗಿ ಏರುತ್ತದೆ, ಅಷ್ಟರಲ್ಲಿ ಮಗು ಎಲ್ಲರ ಜೊತೆ ಆಡಿರುತ್ತದೆ. ನೀವು ಬೆಳಿಗ್ಗೆ ಕೊಟ್ಟದ್ದು ಗೊತ್ತಿಲ್ಲದೆ ಅವರೂ ಒಂದು ಡೋಸ್ ಕೊಟ್ಟರೆ ಅದು ಇನ್ನೂ ಅಪಾಯ. ಏನೇ ಕೊಟ್ಟಿದ್ದರೂ ಎಷ್ಟು, ಎಷ್ಟು ಗಂಟೆಗೆ ಅಂತ ಬರೆದು ಕೊಡಿ. ಮತ್ತೆ, ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ.

ಮಗು ಮಾಮೂಲಿನಂತೆ ಆಡುತ್ತಾ ತಿನ್ನುತ್ತಾ ಇದ್ದರೆ ಬರೀ ನೆಗಡಿಗೆ ಮನೆಯಲ್ಲಿ ಕೂರಿಸಬೇಕಾಗಿಲ್ಲ. ಗೊಣ್ಣೆ ಹಸಿರಾಗಿದೆ ಅಂತ ಗಾಬರಿ ಬೇಡ, ನೆಗಡಿ ವಾಸಿಯಾಗುತ್ತಾ ಬಂದಾಗಲೂ ಬಣ್ಣ ಹಾಗಾಗುತ್ತದೆ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮಗು ಸಪ್ಪಗಾಗಿದ್ದರೆ ಮನೆಯಲ್ಲೇ ಇರಲಿ. ಮೂರು ತಿಂಗಳೊಳಗಿನ ಕೂಸಿಗೆ 38 ಬಂದರೆ ಆ ಕ್ಷಣವೇ ಡಾಕ್ಟರ ಹತ್ತಿರ. ಚಿಕನ್ ಪಾಕ್ಸ್ ಆದರೆ ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಬೇಡ. ದಡಾರವಾದರೆ ದದ್ದು ಎದ್ದ ದಿನದಿಂದ ನಾಲ್ಕು ದಿನ ಕಳೆಯಬೇಕು. ಮಗು ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ದಡಾರದ ವೈರಸ್ ಇರಬಲ್ಲದು, ಲಸಿಕೆ ಆಗಿಲ್ಲದ ಕೂಸುಗಳು ಅಲ್ಲೇ ಇರುತ್ತವೆ. ಹೇನು ಕಂಡಿತು ಅಂತ ಮಧ್ಯಾಹ್ನವೇ ಮನೆಗೆ ಕಳಿಸುವುದು ಮಾತ್ರ ಅನಗತ್ಯ, ಸಂಜೆ ಹೇಳಿದರೆ ಸಾಕು.

ಡೇ ಕೇರ್‌ನವರಿಗೂ ಒಂದು ಮಾತು. ಮಗುವನ್ನು ಸೇರಿಸಿಕೊಳ್ಳುವ ದಿನವೇ ಈ ನಿಯಮಗಳನ್ನು ಬರೆದು ಕೊಡಿ. ಯಾವುದಕ್ಕೆ ಫೋನ್ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಈ ತಾಯಿ ಯಾರನ್ನಾದರೂ ಗೊತ್ತುಮಾಡಿಕೊಂಡಿರುತ್ತಿದ್ದರು.

ಪ್ರಶ್ನೆ: ಐದು ತಿಂಗಳ ಮಗಳನ್ನು ಅಲ್ಲಿ ಬೋರಲು ಮಲಗಿಸುತ್ತಾರೆ. ಹಾಗೆ ಮಲಗಿಸಿದರೆ ಚೆನ್ನಾಗಿ ನಿದ್ದೆ ಮಾಡುತ್ತಾಳಂತೆ. ಪರವಾಗಿಲ್ಲವೇ?

ಉತ್ತರ: ಇಲ್ಲ. ನಾಳೆಯೇ ನಿಲ್ಲಿಸಿ. ಒಂದು ವರ್ಷ ತುಂಬುವವರೆಗೆ ಮಗುವನ್ನು ಪ್ರತಿ ನಿದ್ದೆಗೂ ಅಂಗಾತವೇ ಮಲಗಿಸಬೇಕು. ಗಟ್ಟಿಯಾದ, ಸಮತಟ್ಟಾದ ಹಾಸಿಗೆ ಇರಲಿ. ದಿಂಬು, ಹೊದಿಕೆ, ಗೊಂಬೆ ಯಾವುದೂ ಬೇಡ. ಅಮೆರಿಕದಲ್ಲಿ 1994ರಲ್ಲಿ ಇದನ್ನು ಮನೆಮನೆಗೆ ಹೇಳಲು ಶುರು ಮಾಡಿದ ಮೇಲೆ ಕೂಸುಗಳು ನಿದ್ದೆಯಲ್ಲೇ ಹಠಾತ್ತಾಗಿ ಸಾಯುವುದು ಮುಂದಿನ ವರ್ಷಗಳಲ್ಲಿ ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿಯಿತು. ಬೋರಲು ಮಲಗಿದ ಮಗು ಗಾಢವಾಗಿ ನಿದ್ದೆ ಮಾಡುತ್ತದೆ, ನಿಜ. ಸುಲಭಕ್ಕೆ ಎಚ್ಚರವಾಗುವುದಿಲ್ಲ ಅನ್ನುವುದೇ ಅಲ್ಲಿರುವ ಅಪಾಯ. ಮನೆಯಲ್ಲಿ ಅಂಗಾತ ಮಲಗಿ ಅಭ್ಯಾಸವಿರುವ ಮಗುವನ್ನು ಅಲ್ಲಿ ಬೋರಲು ಹಾಕಿದರೆ ಅಪಾಯ ಇನ್ನೂ ಜಾಸ್ತಿ. ಎಚ್ಚರವಿದ್ದಾಗ, ಯಾರಾದರೂ ಪಕ್ಕದಲ್ಲೇ ಕೂತಿದ್ದಾಗ ಬೋರಲು ಬಿಡಲಿ, ಅದು ಕತ್ತಿಗೆ ಒಳ್ಳೆಯದು. ಅವಳೇ ಮಗುಚಿಕೊಳ್ಳಲು, ತಿರುಗಿ ಅಂಗಾತವಾಗಲು ಎರಡನ್ನೂ ಕಲಿತ ಮೇಲೆ ನಿದ್ದೆಯಲ್ಲಿ ಮಗುಚಿಕೊಂಡರೆ ಹಾಗೇ ಬಿಡಬಹುದು. ಆದರೆ ಮಲಗಿಸುವಾಗ ಅಂಗಾತವೇ.

ಪ್ರಶ್ನೆ: ಸಿಸಿ ಕ್ಯಾಮೆರಾ ಇರುವ ಜಾಗವೇ ಸುರಕ್ಷಿತ ಅಲ್ಲವೇ? ಬೇರೆ ಏನು ನೋಡಬೇಕು?

ಉತ್ತರ: ಕ್ಯಾಮೆರಾ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಬೀಳುವ ಮಗುವನ್ನು ಹಿಡಿಯುವುದಿಲ್ಲ. ಎಷ್ಟು ಮಕ್ಕಳಿಗೆ ಎಷ್ಟು ಜನ ಅಂತ ಕೇಳಿ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು ಅಂತ ನಿಯಮವೇ ಇದೆ. ಆಚೆ ಆಡಲು ಹೋಗುವಾಗ, ಒಳಗೆ ಬರುವಾಗ ತಲೆ ಎಣಿಸುತ್ತಾರಾ, ಸಂಜೆ ಹೆಸರು ಬರೆಸದ ಯಾರಾದರೂ ಬಂದರೆ ಮಗುವನ್ನು ಕೊಡುತ್ತಾರಾ ಅಂತಲೂ ಕೇಳಿ.

ನೆಲದ ಮೇಲೆ ಕೂತು ಮಗುವಿನ ಎತ್ತರದಿಂದ ಒಮ್ಮೆ ನೋಡಿ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ತೂರುವ ಯಾವುದೇ ವಸ್ತು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು. ಒಡೆದ ಬಲೂನು ಚೂರು ಕೂಡ. ರಿಮೋಟು, ಹಾಡುವ ಗೊಂಬೆಗಳಲ್ಲಿ ಇರುವ ಬಟನ್ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯಾ ಅಂತ ತಿರುಗಿಸಿ ನೋಡಿ. ನುಂಗಿದ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಹೋಗಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಡುತ್ತಾರಾ ನೋಡಿ, ಇಡೀ ಹಣ್ಣು ಮಗುವಿನ ಗಂಟಲಿಗೆ ಬಿರಡೆಯ ಹಾಗೆ ಕೂರುತ್ತದೆ.

ಕೊನೆಗೆ, ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಅಂತ ಕೋಣೆಯಲ್ಲಿ ಇರುವವರನ್ನೇ ಕೇಳಿ, ಆಫೀಸಿನಲ್ಲಿ ಕೂತವರನ್ನಲ್ಲ. ಒಂದು ಗೊಂಬೆ ಕೈಗೆ ಕೊಟ್ಟು ತೋರಿಸಿ ಅನ್ನಿ. ಒಂದು ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ತಲೆ ಕೆಳಗೆ ಬರುವ ಹಾಗೆ ಬೋರಲು ಹಿಡಿದು, ಬೆನ್ನಿನ ಮೇಲೆ ಹೆಗಲುಗಳ ನಡುವೆ ಅಂಗೈ ಬುಡದಿಂದ 5 ಸಲ ಹೊಡೆಯಬೇಕು. ಬರದಿದ್ದರೆ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದಲೋ ಅಂಗೈ ಬುಡದಿಂದಲೋ 5 ಸಲ ಒತ್ತಬೇಕು. ದೊಡ್ಡ ಮಗುವಿಗೆ ಎದೆಯ ಬದಲು ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೆ, ಮೇಲಕ್ಕೆ ಒತ್ತುವುದು. ಆಚೆ ಬರುವವರೆಗೆ ಹೀಗೆ ಮಾಡುತ್ತಲೇ ಇರಬೇಕು, ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಬೇಕು. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದನ್ನು, ಶುರು ಮಾಡಬೇಕು. ಕಣ್ಣಿಗೆ ಕಾಣದ್ದನ್ನು ಹುಡುಕಿಕೊಂಡು ಬಾಯೊಳಗೆ ಬೆರಳು ಹಾಕಬಾರದು, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಗೊಂಬೆ ಕೈಗೆ ಬಂದ ಕೂಡಲೇ ಯಾರನ್ನೂ ಕೇಳದೆ ಇಷ್ಟನ್ನು ಮಾಡಿ ತೋರಿಸಿದರೆ, ಆ ಕೋಣೆಯಲ್ಲಿ ಮಗುವನ್ನು ಬಿಡಿ.